ಒಂಬತ್ತು ನಲವತ್ತೇಳು

ನಾನು ಫೋನು ಮಾಡಿದ್ದು ಒಂಬತ್ತು ನಲವತ್ತೇಳಕ್ಕೆ.
ಆ ಕಡೆಯ ಹೆಣ್ಣುದನಿ, ಬ್ಯಾಂಕಿನವರಷ್ಟು ಮೆತ್ತಗೆ:
'ನಿಮಗಿಂತ ಮೊದಲೊಬ್ಬರು ಬಂದಿದ್ದಾರೆ.'
ಯಾರೆಂದು ಅವಳು ಹೇಳಲಿಲ್ಲ. ಹೇಳಬೇಕಿರಲೂ ಇಲ್ಲ.
ಕಿಟಕಿಯಾಚೆ ಗ್ರಿಮ್ಸ್‌ಬಿಯ ಹಡಗುಕಟ್ಟೆ,
ಐಸು ತುಂಬಿದ ನಮ್ಮ ಬಿಳಿ ಪೆಟ್ಟಿಗೆಗಳು
ಒಂದರ ಮೇಲೊಂದು, ಏನೂ ಅರಿಯದವರ ಹಾಗೆ.

ಮೀನಿನ ಪೆಟ್ಟಿಗೆ ಮಾಡುವವರು ನಾವು ನಾಲ್ವರು.
ತಿಂಗಳ ಮೊದಲ ಗುರುವಾರ
ಕ್ಲೀಥಾರ್ಪ್ಸ್‌ನ ಕಡಲಂಚಿನ ಕೆಫೆಯಲ್ಲಿ
ಹುರಿದ ಹ್ಯಾಡಕ್, ಬಟಾಣಿ, ವಿನಿಗರ್.
ಏನನ್ನೂ ಬರೆಯಕೂಡದು, ಅದೊಂದೇ ನಿಯಮ.
ಮೇಜಿನ ಮೇಲೆ ಉಪ್ಪು ಚೆಲ್ಲಿ
ಡೆಸ್ಮಂಡ್ ಬೆರಳಲ್ಲಿ ಅಂಕಿ ಗೀಚುತ್ತಿದ್ದ:
ಪೆಟ್ಟಿಗೆಗೆ ಹನ್ನೆರಡು ಪೆನ್ಸ್ ಮೇಲಕ್ಕೆ.
ನಾವು ತಲೆಯಾಡಿಸಿದ ಮೇಲೆ
ಅಂಗೈಯಲ್ಲಿ ಬಳಿದು ಚಿಪ್ಸಿಗೆ ಉದುರಿಸುತ್ತಿದ್ದ.
ಹೀಗೆ ಆರು ವರ್ಷ
ಸಾಕ್ಷಿಯನ್ನು ಹಂಚಿಕೊಂಡು ತಿಂದೆವು.

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ಇಲ್ಲಿ ಆ ನೀರಿಗೂ ಸರದಿ ಉಂಟು.
ಮೊದಲು ಬಾಯಿಬಿಟ್ಟವನಿಗೆ ದಂಡ ಪೂರ್ತಿ ಮಾಫಿ,
ಎರಡನೆಯವನಿಗೆ ಒಂದಿಷ್ಟು ಕಡಿತ,
ಗೆಳೆಯರಿಗೆ ಕೊಟ್ಟ ಮಾತು ಉಳಿಸಿಕೊಂಡವನಿಗೆ ಇಡೀ ಬಿಲ್ಲು.

ಮೂವತ್ತಮೂರು ನಿಮಿಷ. ಅಷ್ಟೇ ಅಂತರ, ಆಮೇಲೆ ತಿಳಿಯಿತು.
ಅಷ್ಟು ಹೊತ್ತು ನಾನೇನು ಮಾಡುತ್ತಿದ್ದೆ?
ಕಾರಿಗೆ ಜಾಗ ಹುಡುಕಿದೆ. ಟೀ ಮಾಡಿಕೊಂಡೆ.
ಡೆಸ್ಮಂಡನ ಮಗಳ ಮದುವೆಗೆ ಕಳಿಸುವ ಕಾರ್ಡಿಗೆ ಸಹಿ ಹಾಕಿದೆ.
ಶಾಯಿ ಒಣಗಲೆಂದು ಊದಿದೆ ಕೂಡ.

ಸಹಕಾರವೆಂದರೆ ನಮ್ಮ ಬೀದಿ ಕೊನೆಯ
ಬ್ರೆಡ್ಡು ಹಾಲಿನ ಅಂಗಡಿ ಎಂದುಕೊಂಡಿದ್ದವನು ನಾನು.
ಈಗ ಕಲಿತೆ: ಹಳೆಯ ಡೈರಿ, ಪೆಟ್ರೋಲಿನ ರಸೀದಿ,
ಯಾವ ಗುರುವಾರ ಯಾರು ಯಾವ ಕುರ್ಚಿ,
ಊಟದ ದುಡ್ಡು ಯಾರದು, ಯಾರು ಒಮ್ಮೆ ಬೇಡವೆಂದದ್ದು.
(ಬೇಡವೆಂದವನು ಲಯನಲ್.
ಫೋನು ಮಾಡದೆ ಪೂರ್ತಿ ತೆತ್ತವನೂ ಅವನೇ.)
ಲಂಡನ್ನಿನ ಕಿಟಕಿಯಿಲ್ಲದ ಕೋಣೆಯಲ್ಲಿ ಎರಡು ದಿನ
ವಕೀಲೆ ಫಿಲಿಪಾ ನನ್ನ ಮೊಣಕೈ ತಟ್ಟುತ್ತಿದ್ದಳು:
ಇನ್ನಷ್ಟು ನೆನಪಿಸಿಕೊಳ್ಳಿ, ನೆನಪಿಗೆ ಶೇಕಡಾ ಇದೆ.

ಕೊನೆಗೆ ಸಿಕ್ಕಿದ್ದು ನೂರಕ್ಕೆ ಮೂವತ್ತೈದರ ಕಡಿತ.
ಆರು ವರ್ಷದಲ್ಲಿ
ನಾವು ನಾಲ್ವರೂ ಕೂತು ಗೊತ್ತುಮಾಡದ
ಮೊದಲ ದರ ಅದು.

ಇವತ್ತು ಬೆಳಗ್ಗೆ ಕಟ್ಟೆಯ ಮೇಲೆ
ಮೀನಿನ ವ್ಯಾಪಾರದ ಎಡಿತ್ ಇಂಗಮೆಲ್ಸ್
ಕೈಗವಸು ಕಳಚದೆ ಕೇಳಿದಳು: 'ಪೆಟ್ಟಿಗೆಗೆ ಎಷ್ಟು?'
ಆ ಹನ್ನೆರಡು ಪೆನ್ಸಿನ ಲೆಕ್ಕ ಅವಳು ಎತ್ತಲಿಲ್ಲ,
ನಾನೂ ಎತ್ತಲಿಲ್ಲ.
ಉಳಿದ ಮೂವರು ಎಷ್ಟು ಹೇಳುವರೋ ಗೊತ್ತಿಲ್ಲದೆ
ನಾಲಿಗೆ ತಡವರಿಸಿತು. ಒಂದು ಅಂಕಿ ಹೇಳಿದೆ.
'ಜಾಸ್ತಿಯಾಯಿತು.' ಮತ್ತೊಂದು ಹೇಳಿದೆ.
ಅವಳು ಪಕ್ಕದ ಶೆಡ್ಡಿನತ್ತ ನೋಡಿದಳು.
ನಾನೂ ನೋಡಿದೆ.
ಡೆಸ್ಮಂಡನ ದೀಪ ಆಗಲೇ ಹತ್ತಿತ್ತು.