ಜವಳ

ಕೈಮರದ ಚೆಕ್‌ಪೋಸ್ಟಿನಿಂದ ಸ್ವಲ್ಪ ಕೆಳಗೆ
ಲಾದ್ರಣ್ಣನ ಪಂಕ್ಚರ್ ಅಂಗಡಿ.
ಗಾಡಿ ನಿಂತರೆ ಮುಖ ನೋಡುವುದಿಲ್ಲ ಅವನು,
ಕುಕ್ಕರಗಾಲಲ್ಲಿ ಕೂತು ಟೈರು ಸವರುತ್ತಾನೆ,
ಎಮ್ಮೆ ಕೊಳ್ಳಲು ಬಂದವನು ಕೆಚ್ಚಲು ಮುಟ್ಟಿದ ಹಾಗೆ.

ಭಾನುವಾರದ ಹುಡುಗರು,
ಮೊಣಕಾಲಿಗೆ ಚಿಪ್ಪು ಕಟ್ಟಿಕೊಂಡವರು,
ಅಂಚಿನವರೆಗೂ ಸವೆದ ರಬ್ಬರನ್ನು
ಹೊಸ ಉಂಗುರದಂತೆ ತೋರಿಸುತ್ತಾರೆ:
"ನೋಡಣ್ಣ, ಒಂದು ಕೂದಲೂ ಉಳಿದಿಲ್ಲ."
ಲಾದ್ರಣ್ಣ ಮುಂದಿನ ಚಕ್ರ ಮುಟ್ಟಿ
"ತಿರುವಿನ ನಡುವೆ ಹೆದರಿ ಬ್ರೇಕು ಹಿಡಿದಿದ್ದೀಯ,
ಗರಗಸ ಆಗಿದೆ ಇದು" ಎಂದು
ಗಾಳಿಗೆ ಹತ್ತು ರೂಪಾಯಿ ಕೇಳುತ್ತಾನೆ.

ಅವನು ಮೆಚ್ಚಿದ್ದು ಒಂದೇ ಟೈರು, ನಾನು ಕಂಡಂತೆ.
ಮೀನಿನ ಇದಿನಬ್ಬನ ಹಳೇ ಎಂ-ಎಯ್ಟಿಯದು.
ಬೂತಾಯಿ ಪೆಟ್ಟಿಗೆ, ಸೋರುವ ಐಸು, ಅಷ್ಟು ತಿರುವು;
ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ,
ತೇಯ್ದ ಗಂಧದ ಕೊರಡು.

ನನ್ನದು ರಕ್ತದ ಗಾಡಿ.
ಗಿರಿಯ ಮೇಲಿನ ಆರೋಗ್ಯ ಕೇಂದ್ರದಿಂದ
ಜಿಲ್ಲಾಸ್ಪತ್ರೆಗೆ ಸೀಸೆ ತರುವ ಕೆಲಸ.
ಕುಲುಕಬಾರದು, ತಡವೂ ಆಗಬಾರದು.
ಮೂರು ವರ್ಷದಿಂದ ಒಂದೂ ಒಡೆದಿಲ್ಲ ಎಂಬ ಜಂಬ
ಜೇಬಲ್ಲೇ ಇತ್ತು.

ಲಾದ್ರಣ್ಣ ಎಡ ಅಂಚು ಸವರಿದ.
ಬಲ ಅಂಚು.
ಮತ್ತೆ ಎಡ.
"ಈ ಕಡೆ ಸರಿ. ಆ ಕಡೆ
ಇನ್ನೂ ಜವಳವನ್ನೇ ತೆಗೆಸಿಲ್ಲವಲ್ಲ ಮಾರಾಯ!"

ಹದಿನಾಲ್ಕು ಸಾವಿರ ಕಿಲೋಮೀಟರು ಓಡಿದ ಮೇಲೂ
ಬಲಗಡೆ ಎರಡು ಬೆರಳಗಲ
ಕಾರ್ಖಾನೆಯ ಹುಟ್ಟುಗೂದಲು
ಹಾಗೇ, ಕಪ್ಪಗೆ, ನವಿರಾಗಿ.

ಯಾರಿಗೂ ಹೇಳಿರಲಿಲ್ಲ ನಾನು,
ಬಲ ತಿರುವು ಬಂದರೆ ಗಾಡಿ ಮಲಗಿಸುವುದಿಲ್ಲ,
ನೆಟ್ಟಗೆ ಹಿಡಿದು, ಎರಡೂ ಕಾಲು ಇಳಿಬಿಟ್ಟು
ಮುದುಕನ ಹಾಗೆ ದಾಟಿಸುತ್ತೇನೆ ಎಂದು.
ಆ ಜಲ್ಲಿ. ಆ ಜೀಪು.
ಹಿಂದೆ ಕೂತಿದ್ದ ನರ್ಸ್ ಜಲಜಾಕ್ಷಿಯವರ ಕಾಲು.
ಈಗಲೂ ಸೀಸೆ ಎಣಿಸಿ ಕೊಡುವವರು ಅವರೇ,
ಕುಂಟುತ್ತಾ ಬಂದು, ನಕ್ಕು.
ಆ ನಗುವೇ ಕಷ್ಟ.

ಹೊಸ ಟೈರು ಏರಿತು, ಮೈತುಂಬ ಕೂದಲು.
"ಮೊದಲ ನೂರು ಕಿಲೋಮೀಟರು ಜಾರುತ್ತೆ,
ಎಲ್ಲರಿಗೂ" ಅಂದ,
'ಎಲ್ಲರಿಗೂ' ಎಂಬುದನ್ನು ತುಸು ಒತ್ತಿ.

ಹಳೆಯದನ್ನು ಅಂಗಡಿ ಮುಂದೆ ಮೊಳೆಗೆ ನೇತುಹಾಕಿ
ಬಿಳಿ ಬಣ್ಣದಲ್ಲಿ ಪಂಕ್ಚರ್ ಎಂದು ಬರೆದ.
ಹೋಗುವ ಬರುವವರಿಗೆಲ್ಲ ಕಾಣುವ ಜಾಗ.
ಬಲ ಅಂಚು ಗೋಡೆಯ ಕಡೆಗಿತ್ತು.

ಕೂಲಿಗೆ ಚೌಕಾಸಿ ಮಾಡಲಿಲ್ಲ ನಾನು.