ಬಿಬಿಷ್ ಅತ್ತೆ ನಾಡಿ ಹಿಡಿದಾಗ

ಆಸ್ಪತ್ರೆಯ ಹುಡುಗಿ ಒಂದು ಹಾಳೆ ಕೊಟ್ಟಿದ್ದಾಳೆ,
ನೀಲಿ ಪೆನ್ನಿನ ಸಮೇತ.

ಮೆಟ್ಟಿಲು ಹತ್ತುತ್ತೀರಾ?
ಹತ್ತುತ್ತೇನೆ, ಮೂರನೆಯ ಮಹಡಿಯವರೆಗೆ,
ಎರಡನೆಯದರಲ್ಲಿ ನೆರೆಯವರ ಬೆಕ್ಕನ್ನು
ಮಾತಾಡಿಸುವ ನೆಪದಲ್ಲಿ ಕೊಂಚ ನಿಂತು.
ನಿದ್ದೆ?
ಗೋಡೆಯ ಪ್ಲಗ್ಗಿಗೆ ಕಟ್ಟಿದ ಕುದುರೆ ನಾನು,
ಹಗ್ಗ ಎಷ್ಟುದ್ದವೋ ಅಷ್ಟೇ ಹೊರಳಾಟ.
ಸ್ನಾನ?
ಅದೊಂದು ಕೇಳಬೇಡ, ಮಗಳೇ.
ಶನಿವಾರದ ಹಬೆಮನೆ, ಬರ್ಚ್ ಸೊಪ್ಪಿನ ಏಟು,
ಬೆನ್ನುಜ್ಜುವ ಗೆಳೆಯರ ಬೈಗುಳ!
ಈಗ ಹೊರಗಿನ ಬೆಂಚಿನಲ್ಲಿ ಕೂತು
ಅವರ ಬಟ್ಟೆ ಕಾಯುತ್ತೇನೆ.
ಹೊಟ್ಟೆಯ ತೂತಿನಿಂದ ಹೊರಬಂದ ವೈರಿಗೆ
ನೀರೆಂದರೆ ಆಗದು.

ಕೊನೆಯ ಪ್ರಶ್ನೆ: ಒಟ್ಟಾರೆ ಬದುಕಿನ ಗುಣಮಟ್ಟ.
ಒಂದು ತೀರಾ ಕಳಪೆ, ಐದು ಅತ್ಯುತ್ತಮ.
ಒಂದಕ್ಕೆ ಸುತ್ತು ಹಾಕಿ.

ಇಪ್ಪತ್ತಾರು ವರ್ಷ ಕರಗಂಡಾದ ಕಲ್ಲಿದ್ದಲ ಗಣಿಯಲ್ಲಿ
ಪಂಜರದ ಲಿವರ್ ಹಿಡಿದವನು ನಾನು.
ಒಂದು ಗಂಟೆ, ನಿಲ್ಲಿಸು.
ಎರಡು, ಮೇಲೆ.
ಮೂರು, ಕೆಳಗೆ.
ಮೂವತ್ತು ಜೀವ ಒಂದೇ ಹಗ್ಗಕ್ಕೆ ಜೋತು ಇಳಿಯುತ್ತಿದ್ದವು,
ನನ್ನ ಮುಖ ನೋಡಿದವರು ಅದರಲ್ಲಿ ನಾಲ್ಕೋ ಐದೋ.
ಈಗ ನನ್ನ ನೆತ್ತರು ಎತ್ತುವವನ ಮುಖ
ನಾನೂ ನೋಡಿಲ್ಲ.
ಪಾಳಿ ಇಲ್ಲ, ಮುಷ್ಕರ ಇಲ್ಲ ಅವನಿಗೆ,
ಬ್ಯಾಟರಿ ತಿನ್ನುತ್ತಾನೆ, ಗುಂಯ್ ಅನ್ನುತ್ತಾನೆ.

ಹೋದ ಜನವರಿಯಲ್ಲಿ ಕರೆಂಟು ಹೋಯಿತು,
ಮೈನಸ್ ಮೂವತ್ತೆಂಟು.
ರೈಖಾನ್ ಖಾಲಿ ಬ್ಯಾಟರಿಗಳನ್ನು ಕೋಟಿನೊಳಗೆ,
ಎದೆಗವಚಿ,
ಈಗಷ್ಟೇ ಹುಟ್ಟಿದ ಕುರಿಮರಿಗಳನ್ನು ಒಯ್ಯುವ ಹಾಗೆ
ಅಗ್ನಿಶಾಮಕ ಠಾಣೆಯವರೆಗೆ ಒಯ್ದಳು.
ಅವು ತುಂಬುವ ತನಕ ಅಲ್ಲಿನ ಹುಡುಗರಿಗೆ
ನನ್ನ ಜಿಪುಣತನದ ಕತೆಗಳನ್ನು ಹೇಳಿದಳಂತೆ.
ಮನೆಯಲ್ಲಿ ನಾನು ಕತ್ತಲಲ್ಲಿ ಕೂತು
ಸೊಂಟದ ಹಸಿರು ದೀಪ ಎಣಿಸುತ್ತಿದ್ದೆ.
ನಾಲ್ಕು. ಮೂರು.
ಹೆದರಿಕೆಯಾಯಿತು, ಆದರೆ
ಎದೆ ಡವಡವ ಅನ್ನಲಿಲ್ಲ.
ಆ ಭಾಗ್ಯವೂ ಈಗ ಇಲ್ಲ.

ಮಾರ್ಚಿನಲ್ಲಿ ಬಿಬಿಷ್ ಅತ್ತೆ ಬಂದಳು,
ಹುಲ್ಲುಗಾವಲಿನ ಆಚೆಯಿಂದ, ಎಂಬತ್ತಮೂರರ ಮುದುಕಿ,
ಮೂರು ಬೆರಳಲ್ಲಿ ನಾಡಿ ಹಿಡಿದು
ಬಸುರು, ಕಾಮಾಲೆ, ಹೇಳದೆ ಬಚ್ಚಿಟ್ಟ ಸಾಲ,
ಎಲ್ಲ ಹೇಳುವವಳು.
ಕೊಡು ಕೈ, ಅಂದಳು.
ಕೊಟ್ಟೆ.
ಚಹಾಕ್ಕೆ ಕೆನೆ ಕಟ್ಟಿತು.
ಆ ಕೈ ಕೊಡು.
ಆಮೇಲೆ ಕುತ್ತಿಗೆ.
ಆಮೇಲೆ ಮೆಲ್ಲಗೆ, ಯಾರಿಗೂ ಕೇಳದಂತೆ,
‘ಯಾವಾಗ ಸತ್ತೆಯೋ, ಕಂದಾ?’

ರೈಖಾನ್ ಹಿಟ್ಟು ಮೆತ್ತಿದ ಕೈಯಲ್ಲೇ
ಬಾಯಿ ಮುಚ್ಚಿಕೊಂಡು ನಕ್ಕಳು, ನಕ್ಕಳು,
ಅಳುವ ತನಕ.
ಅತ್ತೆ ನಗಲಿಲ್ಲ. ಕಿವಿಯನ್ನು ನನ್ನೆದೆಗೆ ಒತ್ತಿ
ಬಹಳ ಹೊತ್ತು ಹಾಗೇ ಇದ್ದಳು,
ತಲೆವಸ್ತ್ರದಲ್ಲಿ ಕುರಿಕೊಬ್ಬಿನ ಹೊಗೆ ವಾಸನೆ.
ನಮ್ಮ ಮಾತಿನಲ್ಲಿ ನಾಡಿಗೂ ಬೇರಿಗೂ ಒಂದೇ ಪದ, ತಮಿರ್.
ಗೆಳೆಯನನ್ನೂ ಹಾಗೇ ಕರೆಯುತ್ತಿದ್ದರು, ಹಿಂದೆ.
‘ಬೇರು ಬಡಿಯುವುದನ್ನು ಯಾರು ಕಂಡಿದ್ದಾರೆ,’ ಅಂದಳು ಎದ್ದು,
‘ನೀರೆಳೆದರೆ ಸಾಕು. ಚಹಾ ಬಿಸಿ ಮಾಡಿ.’

ಹಾಳೆ ಇನ್ನೂ ಮಂಡಿಯ ಮೇಲಿದೆ.
ಹುಡುಗಿ ಕಾಯುತ್ತಿದ್ದಾಳೆ, ಬೇರೆ ರೋಗಿಗಳಿದ್ದಾರೆ.
ನಾನು ಎರಡಕ್ಕೆ ಸುತ್ತು ಹಾಕಿದೆ.
ಅವಳ ಮುಖ ಬಾಡಿತು.
‘ಅಷ್ಟು ಕಡಿಮೆಯಾ, ತಾತ?’
‘ನೀನು ಗಣಿಗೆ ಇಳಿದವಳಲ್ಲ,’ ಅಂದೆ,
ಪೆನ್ನು ಮರಳಿಸಿ.