ಒಂದೂವರೆ ಮಿಲ್ಲಿಮೀಟರ್

ರೈಲಿನಲ್ಲಿ ಮಾರುವವನಿಂದ ಕೊಂಡ ಸೆಟ್ಟು,
ಆರು ತಿರುಪುಳಿ, ಅರುವತ್ತು ರೂಪಾಯಿ.
ಮೂರನೇ ಸ್ಕ್ರೂವಿಗೇ ಮೂತಿ ತಿರುಚಿಕೊಂಡಿತು.
ಪುಟಾಣಿ ಇಂಜಿನ್ನಿನ ಹೊಟ್ಟೆಯಡಿ ಸಾಸಿವೆಯಷ್ಟು ತಲೆ,
ಅದರ ಪ್ಲಸ್ಸು ಸವೆದು ಈಗ ಬರೀ ಗುಳಿ.

ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಅಂದುಂಞಿಯವರ ಅಂಗಡಿ. ಮೊದಲು ವಾಚು,
ಈಗ ಮೊಬೈಲು, ಕನ್ನಡಕದ ಕಾಲು, ಏನೇನೋ.
"ಒಳ್ಳೆಯದು ಯಾವುದು?" ಎಂದೆ.
ಡಬ್ಬ ತೆರೆಯಲೇ ಇಲ್ಲ ಅವರು.
"ಸ್ಕ್ರೂ ತಂದಿದ್ದೀರಾ ಟೀಚರೇ?"

ತಂದಿದ್ದೆ, ಕೆಟ್ಟದ್ದರ ಜೋಡಿಯನ್ನು, ಬೆಂಕಿಪೆಟ್ಟಿಗೆಯಲ್ಲಿ.

ಚಿಮಟದಲ್ಲಿ ಅದನ್ನು ಹಿಡಿದು ಒಂದೊಂದೇ ಇಟ್ಟು ನೋಡಿದರು.
"ಇದು ಅಲುಗ್ತದೆ. ಇದು ತಳ ಮುಟ್ಟುವುದಿಲ್ಲ.
ಇದು ಅಯಸ್ಕಾಂತದ್ದು, ಎತ್ತಲಿಕ್ಕೆ ಸುಖ,
ಮೋಟರಿನ ಹತ್ತಿರ ಬೇಡ."
ಕೊನೆಗೊಂದು, ಬುಡದ ಟೊಪ್ಪಿ ತಾನೇ ತಿರುಗುವಂಥದು,
ನನ್ನ ಅಂಗೈಗೆ ಆನಿಸಿ,
"ಕಣ್ಣು ಮುಚ್ಚಿ. ಕೂತದ್ದು ಕೈಗೆ ಗೊತ್ತಾಗ್ಬೇಕು."

ಗೊತ್ತಾಯಿತು.
ಪಿರಿಯಡ್ಡಿನ ಕೊನೆಗೆ ಹಿಂದಿನ ಬೆಂಚಿನ ಹುಡುಗಿಗೆ
ಲೆಕ್ಕ ಹೊಳೆದು
ಪೆನ್ಸಿಲು ಒಮ್ಮೆ ನಿಲ್ಲುತ್ತದಲ್ಲ, ಹಾಗೆ.

ಮುನ್ನೂರ ನಲುವತ್ತು, ಒಂದಕ್ಕೇ.
ಚೌಕಾಸಿ ನಾಲಿಗೆವರೆಗೆ ಬಂದು ಹಿಂದೆ ಹೋಯಿತು.

"ಮಕ್ಕಳ ಆಟದ್ದಾ?"
"ಅಲ್ಲ, ನನ್ನದೇ ರೈಲು. ಐವತ್ತಮೂರಾಯ್ತು, ಈಗ ಶುರು."
ನಗಲಿಲ್ಲ ಅವರು. ಕಣ್ಣಿನ ಭೂತಗನ್ನಡಿ ಹಣೆಗೇರಿಸಿ,
ಬೆಂಕಿಪೆಟ್ಟಿಗೆಗೆ ರಬ್ಬರ್‌ಬ್ಯಾಂಡು ಸುತ್ತುತ್ತಾ
ಗಂಭೀರವಾಗಿಯೇ ಕೇಳಿದರು:
"ಕುಂಬಳೆಯಲ್ಲಿ ಸ್ಟಾಪ್ ಉಂಟಾ?"